ಜೀವಾ, ಜ್ಯಾ, ತ್ರಿಜ್ಯ: ಒಂದು ಗಣಿತ ಶಬ್ದದ ಚರಿತ್ರೆ

ವೃತ್ತಪರಿಧಿಯ ಎರಡು ಬಿಂದುಗಳನ್ನು ಕೂಡಿಸುವ ಸರಳರೇಖೆಗೆ ‘ಜ್ಯಾ’ ಎಂದೂ, ಕೇಂದ್ರದಿಂದ ಪರಿಧಿಗಿರುವ ದೂರಕ್ಕೆ ‘ತ್ರಿಜ್ಯ’ ಎಂದೂ ನಮ್ಮ ಪಠ್ಯಪುಸ್ತಕಗಳು ಕಲಿಸುತ್ತವೆ. ಶಾಲಾಬಾಲಕರೂ ಬಲ್ಲ ಈ ಶಬ್ದಗಳಿಗೆ ಒಂದೂವರೆ ಸಾವಿರ ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. ಅದರಲ್ಲಿ ಜೈನಾಚಾರ್ಯರ ಪಾಲು ಸ್ಮರಣೀಯವಾದುದು.

‘ಜ್ಯಾ’ ಎಂದರೆ ಬಿಲ್ಲಿನ ಹೆದೆ. ‘ಜೀವಾ’ ಅದರ ಪರ್ಯಾಯನಾಮ. ಪ್ರಾಚೀನರು ವೃತ್ತಖಂಡವನ್ನು ಬಿಲ್ಲಿಗೆ ಹೋಲಿಸಿ ಕಂಸವನ್ನು ‘ಧನು’ವೆಂದೂ ನಡುವಣ ಎತ್ತರವನ್ನು ‘ಶರ’ವೆಂದೂ ಕರೆದರು. ಜೈನ ಲೋಕವರ್ಣನೆಯಲ್ಲಿ ಈ ಉಪಮೆಯೇ ಗಣಿತವಾಯಿತು. ಜಂಬೂದ್ವೀಪದ ವ್ಯಾಸ 1,00,000 ಯೋಜನ. ಅದರ ದಕ್ಷಿಣದಂಚಿನಲ್ಲಿ ಬಿಲ್ಲಿನಾಕಾರದ ಭರತಕ್ಷೇತ್ರ. ಅದರ ಶರ 526 6/19 ಯೋಜನ. ವ್ಯಾಸದಲ್ಲಿ ಶರವನ್ನು ಕಳೆದು, ಉಳಿದುದನ್ನು ಶರದಿಂದಲೂ ನಾಲ್ಕರಿಂದಲೂ ಗುಣಿಸಿ ವರ್ಗಮೂಲ ತೆಗೆದರೆ ಜೀವಾ ದೊರೆಯುತ್ತದೆ: 14,471 ಯೋಜನಗಳಿಗೆ ತುಸು ಹೆಚ್ಚು. ‘ತಿಲೋಯಪಣ್ಣತ್ತಿ’ಯಲ್ಲಿಯೂ, ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ತ್ರಿಲೋಕಸಾರ’ದಲ್ಲಿಯೂ ಈ ಗಣಿತವಿದೆ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (814–878) ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಧನುರಾಕಾರದ ಕ್ಷೇತ್ರವನ್ನು ಲೋಕವರ್ಣನೆಯಿಂದ ಬಿಡಿಸಿ ಸಾಮಾನ್ಯ ಗಣಿತವಿಷಯವಾಗಿ ವಿವೇಚಿಸಿದರು. ಶರದ ವರ್ಗವನ್ನು ವ್ಯವಹಾರಕ್ಕೆ ಐದರಿಂದ, ಸೂಕ್ಷ್ಮಕ್ಕೆ ಆರರಿಂದ ಗುಣಿಸಿ, ಜೀವಾವರ್ಗವನ್ನು ಕೂಡಿಸಿ ಮೂಲ ತೆಗೆದರೆ ಧನುವಿನ ಉದ್ದ ಬರುವುದೆಂಬುದು ಅವರ ವಿಧಿ. ಇದನ್ನು ಅರ್ಧವೃತ್ತಕ್ಕೆ ಅನ್ವಯಿಸಿದರೆ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವು ಮೊದಲನೆಯದರಲ್ಲಿ 3, ಎರಡನೆಯದರಲ್ಲಿ 10ರ ವರ್ಗಮೂಲ ಎಂದಾಗುತ್ತದೆ. ಎರಡೂ ಸ್ಥೂಲಮಾನಗಳೇ ಆದರೂ ಬಳಕೆಗೆ ಸುಲಭವಾದವು. 12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿಯೇ ರಚಿಸಿದನು.

ಜ್ಯೋತಿರ್ವಿದರ ಕೈಯಲ್ಲಿ ಈ ಶಬ್ದ ಬೇರೊಂದು ಹಾದಿ ಹಿಡಿಯಿತು. ಆರ್ಯಭಟನ ಕಾಲಕ್ಕಾಗಲೇ (ಕ್ರಿ.ಶ. 499) ಇಡಿಯ ಹೆದೆಗೆ ಬದಲಾಗಿ ‘ಅರ್ಧಜ್ಯಾ’ ಲೆಕ್ಕಕ್ಕೆ ಬಂದಿತ್ತು; ಬಳಕೆಯಲ್ಲಿ ಅದೇ ‘ಜ್ಯಾ’ ಎನಿಸಿಕೊಂಡಿತು. ಮೂರು ರಾಶಿಗಳು, ಎಂದರೆ 90 ಅಂಶಗಳ ಜ್ಯಾ, ಕೇಂದ್ರದಿಂದ ಪರಿಧಿಗಿರುವ ದೂರಕ್ಕೆ ಸಮ. ಆದುದರಿಂದಲೇ ಅದು ‘ತ್ರಿಜ್ಯ’. ಅರಬರು ‘ಜೀವಾ’ವನ್ನು ‘ಜೀಬ’ ಎಂದು ಸ್ವೀಕರಿಸಿ, ಸ್ವರಚಿಹ್ನೆಗಳಿಲ್ಲದೆ ಬರೆದರು. ಅದು ‘ಜೈಬ್’, ಎಂದರೆ ಮಡಿಲು, ಎಂದು ಓದಲ್ಪಟ್ಟಿತು. 12ನೆಯ ಶತಮಾನದ ಲ್ಯಾಟಿನ್ ಅನುವಾದಕರು ಅದೇ ಅರ್ಥದ ‘ಸೈನಸ್’ ಪದವನ್ನಿಟ್ಟರು. ಅದೇ ಇಂದಿನ ‘ಸೈನ್’.

ಮಾರತ್ತಹಳ್ಳಿಯ ಕಚೇರಿಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ‘ಸೈನ್’ ಎಂದು ಬರೆಯುವ ತರುಣರು ವಾಸ್ತವವಾಗಿ ಪೂರ್ವಿಕರ ಹೆದೆಯನ್ನೇ ಹೆಸರಿಸುತ್ತಿದ್ದಾರೆ. ಆದರೆ ತ್ರಿಜ್ಯದಲ್ಲಿರುವ ‘ಮೂರು’ ಯಾವುದೆಂದು ಮಕ್ಕಳಿಗೆ ಹೇಳುವವರಿಲ್ಲದಿದ್ದರೆ ಶಬ್ದ ಉಳಿದೀತು, ಅರ್ಥ ಅಳಿದೀತು. ಗಣಿತಸಾರಸಂಗ್ರಹವು 1912ರಲ್ಲಿಯೇ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಸಂಪಾದಕತ್ವದಲ್ಲಿ ಅಚ್ಚಾಗಿದೆ. ಅದರ ಒಂದೊಂದು ಲೆಕ್ಕವನ್ನಾದರೂ ಮನೆಯಲ್ಲಿ ಮಕ್ಕಳಿಂದ ಮಾಡಿಸುವುದು ಶಾಸ್ತ್ರದಾನಕ್ಕೆ ಸಮನಾದ ಸತ್ಕಾರ್ಯವೆನ್ನಬಹುದು.