ಮೂಸಿಯ ಮಹಾಪೂರ ಮತ್ತು ಕೆರೆಯ ಶಾಸನಗಳು: ವಾಯುಗುಣ ಚರಿತ್ರೆಗೆ ಹೈದರಾಬಾದಿನ ಆಕರಗಳು

ಹೈದರಾಬಾದ್ ನಗರದ ನಾಂಪಲ್ಲಿಯಲ್ಲಿ, 1907ರಲ್ಲಿ ಆರಂಭವಾದ ರೈಲು ನಿಲ್ದಾಣಕ್ಕೆ ಸಮೀಪದಲ್ಲಿ, ಹಿಂದೆ ಬಾಗ್-ಎ-ಆಮ್ ಎನಿಸಿಕೊಂಡಿದ್ದ ಸಾರ್ವಜನಿಕ ಉದ್ಯಾನವಿದೆ. ಅದರೊಳಗಿನ ಪುರಾತತ್ತ್ವ ವಸ್ತುಸಂಗ್ರಹಾಲಯದ ಕಟ್ಟಡ 1920ರಷ್ಟು ಹಿಂದಿನದು. ಈ ಸಂಗ್ರಹಾಲಯವು ನಿಜಾಮ್ ಸರ್ಕಾರ 1914ರಲ್ಲಿ ಸ್ಥಾಪಿಸಿ ಗುಲಾಮ್ ಯಜ್ದಾನಿಯವರಿಗೆ ವಹಿಸಿಕೊಟ್ಟ ಪುರಾತತ್ತ್ವ ಇಲಾಖೆಯ ಕಾರ್ಯದ ಫಲ. ರಾಯಚೂರು, ಗುಲ್ಬರ್ಗಾ ಮತ್ತು ಬೀದರ್ ಪ್ರದೇಶಗಳು 1956ರ ವರೆಗೆ ಹೈದರಾಬಾದ್ ಆಡಳಿತದಲ್ಲಿದ್ದುದರಿಂದ, ಅಲ್ಲಿನ ಶಾಸನಗಳ ಶೋಧನೆಯೂ ಪ್ರಕಟಣೆಯೂ ಈ ಇಲಾಖೆಯ ಹೊಣೆಯಾಗಿದ್ದವು. 1915ರಲ್ಲಿ ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದ ಮಸ್ಕಿಯ ಅಶೋಕ ಶಾಸನ, 1935ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿದ ಕೊಪ್ಪಳದ ಕನ್ನಡ ಶಾಸನಗಳು, 1958ರಲ್ಲಿ ಪಿ. ಬಿ. ದೇಸಾಯಿಯವರು ಹೊರತಂದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ ಇವೆಲ್ಲ ಹೈದರಾಬಾದ್ ಪುರಾತತ್ತ್ವ ಮಾಲೆಗೆ ಸೇರಿದವು.

ಈ ಆಕರಗಳನ್ನು ನಾವು ಇಂದಿನವರೆಗೆ ರಾಜಕೀಯ ಚರಿತ್ರೆ, ಧರ್ಮ, ಭಾಷೆ ಮತ್ತು ಲಿಪಿಗಳ ದೃಷ್ಟಿಯಿಂದ ಬಳಸುತ್ತ ಬಂದಿದ್ದೇವೆ. ಇವುಗಳಲ್ಲಿಯೇ ನೀರು, ಕೆರೆ, ಬರ, ಪ್ರವಾಹಗಳ ದಾಖಲೆಯೂ ಅಡಗಿದೆ. ವಾಯುಗುಣದ ಬದಲಾವಣೆಯನ್ನು ಕುರಿತ ಸಂಶೋಧನೆ ಮತ್ತು ನೀತಿನಿರೂಪಣೆಗಳಲ್ಲಿ ಈ ದಾಖಲೆಗೆ ಇನ್ನೂ ತಕ್ಕ ಸ್ಥಾನ ದೊರೆತಿಲ್ಲ. ಆ ಸ್ಥಾನ ಯಾವುದು, ಅದರ ಮಿತಿಗಳೇನು ಎಂಬುದನ್ನು ಹೈದರಾಬಾದಿನ ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪೂರವು ಹೈದರಾಬಾದಿನ ಚರಿತ್ರೆಯನ್ನು ಎರಡಾಗಿ ವಿಭಾಗಿಸಿತೆನ್ನಬಹುದು. ಅಸುನೀಗಿದವರ ಸಂಖ್ಯೆ ಸುಮಾರು 15,000 ಎಂಬ ಅಂದಾಜು ಪ್ರಚಲಿತವಾಗಿದೆ. ಉರ್ದು ಕವಿ ಅಮ್ಜದ್ ಹೈದರಾಬಾದಿಯವರು ತಾಯಿ, ಪತ್ನಿ ಮತ್ತು ಮಗಳನ್ನು ಈ ಪ್ರವಾಹದಲ್ಲಿಯೇ ಕಳೆದುಕೊಂಡರು. ಆಗ ಆಳುತ್ತಿದ್ದ ಆರನೆಯ ನಿಜಾಮ್ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರವು, ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಹೊಂದಿದ್ದ ಎಂ. ವಿಶ್ವೇಶ್ವರಯ್ಯನವರನ್ನು ಆಹ್ವಾನಿಸಿತು. 1909ರ ಏಪ್ರಿಲ್ ತಿಂಗಳಲ್ಲಿ ಹೈದರಾಬಾದಿಗೆ ಬಂದ ಅವರು ಅದೇ ವರ್ಷದ ಅಕ್ಟೋಬರ್ ಮೊದಲಲ್ಲಿ ವರದಿ ಸಲ್ಲಿಸಿದರು. ನವೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾಗಿ ತೆರಳಿದರು.

ವಿಶ್ವೇಶ್ವರಯ್ಯನವರ ತನಿಖೆಯ ವಿಧಾನ ನಮಗೆ ಮುಖ್ಯವಾದುದು. ಅವರು ಮೊದಲು ಮಳೆಯ ಲೆಕ್ಕವನ್ನು ಸಂಗ್ರಹಿಸಿದರು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ಸುರಿದಿತ್ತು. ಅನಂತರ ಜಲಾನಯನ ಪ್ರದೇಶದ ಕೆರೆಗಳನ್ನು ಎಣಿಸಿದರು. ನಗರದ ಮೇಲ್ಭಾಗದಲ್ಲಿ 862 ಚದರ ಮೈಲಿಗಳ ವಿಸ್ತಾರದಲ್ಲಿ 788 ಕೆರೆಗಳಿದ್ದವು. ಎಂದರೆ ಹೆಚ್ಚುಕಡಿಮೆ ಮೈಲಿಗೊಂದು ಕೆರೆ. ಇವುಗಳಲ್ಲಿ 221 ಕೆರೆಗಳು ಒಡೆದುಹೋಗಿದ್ದವು. ಮೇಲಿನ ಕೆರೆ ಒಡೆದಾಗ ಅದರ ನೀರು ಒಮ್ಮೆಗೇ ಕೆಳಗಿನ ಕೆರೆಗೆ ನುಗ್ಗುತ್ತದೆ. ಅದರ ಕೋಡಿ ಅಷ್ಟನ್ನು ಹೊರಹಾಕಲಾರದೆ ಏರಿಯೂ ಕುಸಿಯುತ್ತದೆ. ಹೀಗೆ ಮಳೆಯ ನೀರಿನೊಂದಿಗೆ ಕೆರೆಗಳ ನೀರೂ ಸೇರಿ ಪ್ರವಾಹ ಭೀಕರವಾಯಿತು.

ಅವರ ಸಲಹೆಯ ಮೇರೆಗೆ ಪ್ರವಾಹವನ್ನು ತಡೆಹಿಡಿಯಲು ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯಗಳು ನಿರ್ಮಾಣವಾದವು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿಯೂ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು. 1912ರಲ್ಲಿ ನಗರಾಭಿವೃದ್ಧಿ ಮಂಡಳಿ ಸ್ಥಾಪಿತವಾಯಿತು. ನದಿಯ ದಂಡೆಯಲ್ಲಿ ಉಚ್ಚ ನ್ಯಾಯಾಲಯ, ಸಿಟಿ ಕಾಲೇಜು, ಉಸ್ಮಾನಿಯಾ ಆಸ್ಪತ್ರೆಗಳು ತಲೆಯೆತ್ತಿದವು. ಇಂದು ನಾವು ಪರಂಪರೆಯ ಕಟ್ಟಡಗಳೆಂದು ಗೌರವಿಸುವ ಇವು, ಒಂದು ವಾಯುಗುಣ ವಿಪತ್ತಿಗೆ ಅಂದಿನ ಆಡಳಿತ ನೀಡಿದ ಉತ್ತರದ ಭಾಗಗಳೇ ಆಗಿವೆ.

2

ವಿಶ್ವೇಶ್ವರಯ್ಯನವರು ಎಣಿಸಿದಂತಹ ಕೆರೆಗಳ ಸರಣಿ ದಖನ್ನಿನಲ್ಲಿ ಒಮ್ಮೆಲೇ ಹುಟ್ಟಿದುದಲ್ಲ. ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ ಸಂಗತಿಯನ್ನು ತಾಳಗುಂದದ ಸ್ತಂಭಶಾಸನ ತಿಳಿಸುತ್ತದೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಕನ್ನಡವು ಇಂದಿನ ತೆಲಂಗಾಣದ ಹಲವೆಡೆ ಶಾಸನಭಾಷೆಯಾಗಿತ್ತು. ಕೊಲನುಪಾಕದ ಶಾಸನಗಳು ಇದಕ್ಕೆ ಸಾಕ್ಷಿ. ಹೈದರಾಬಾದ್ ನಗರವು ಸ್ಥಾಪನೆಯಾಗುವ ಮೊದಲೇ, 1560ರ ದಶಕದ ಆರಂಭದಲ್ಲಿ, ಇಬ್ರಾಹಿಂ ಕುಲಿ ಕುತುಬ್ ಷಾನ ಆಳ್ವಿಕೆಯಲ್ಲಿ ನಾಂಪಲ್ಲಿಗೆ ಅನತಿದೂರದ ಹುಸೇನ್ ಸಾಗರ ರಚಿತವಾಗಿತ್ತು.

ಕೆರೆಯ ನಿರ್ವಹಣೆಗೆ ಸಂಬಂಧಿಸಿದಂತೆ ಕನ್ನಡ ಶಾಸನಗಳು ನೀಡುವ ಪಾರಿಭಾಷಿಕ ಪದಗಳು ಗಮನಾರ್ಹವಾದವು. ಕೆರೆಯ ಪಾಲನೆಗಾಗಿ ಬಿಟ್ಟ ಭೂಮಿ ಅಥವಾ ಆದಾಯ ಬಿತ್ತುವಟ್ಟ. ಕೆರೆ ಕಟ್ಟಿದವನಿಗೆ ನೀಡಿದ ಕೊಡುಗೆ ಕೆರೆಗೊಡಗೆ. ಹತ್ತರಲ್ಲಿ ಒಂದು ಪಾಲನ್ನು ಸೂಚಿಸುವ ದಶವಂದವೂ ಇಂತಹುದೇ. ಹೂಳನ್ನು ಸಾಗಿಸುವ ಬಂಡಿಗೆಂದು ಪ್ರತ್ಯೇಕ ದತ್ತಿಗಳಿದ್ದುದೂ ಉಂಟು. ಕೆರೆ ಕಟ್ಟುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಠಿನವೆಂಬ ಅರಿವು ಈ ಪದಗಳ ಹಿಂದೆ ಇದೆ. ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ 1369ರ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿಮಾಡಿರುವುದು ಇದೇ ಪರಂಪರೆಯ ಮುಂದುವರಿಕೆ. ಬೀದರಿನಲ್ಲಿ ಬಹಮನಿ ಕಾಲದ ಕರೇಜ್, ಎಂದರೆ ಬಾವಿಗಳ ಸಾಲಿನಿಂದ ಕೂಡಿದ ನೆಲದಡಿಯ ಕಾಲುವೆ, ಮಳೆ ಕಡಿಮೆಯಾದ ಮೇಲ್ನಾಡಿಗೆ ಕಂಡುಕೊಂಡ ಇನ್ನೊಂದು ಪರಿಹಾರ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಂದು ಶತಮಾನದಲ್ಲಿ ಕೆರೆಯ ಶಾಸನಗಳು ಹೆಚ್ಚಾಗಿ ದೊರೆತವೆಂದ ಮಾತ್ರಕ್ಕೆ ಆಗ ಮಳೆ ಕಡಿಮೆಯಿತ್ತೆಂದು ತೀರ್ಮಾನಿಸಲಾಗದು. ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆನಿಸಿದ ಪುಣ್ಯಕಾರ್ಯ. ಹೊಸ ಹಳ್ಳಿಗಳ ಸ್ಥಾಪನೆ, ದೇವಾಲಯದ ದತ್ತಿ, ಅಧಿಕಾರಿಗಳ ಕೀರ್ತಿಯ ಹಂಬಲ ಇವೂ ಕಾರಣಗಳಾಗಿರಬಹುದು. ಕೆರೆ ಒಡೆದುದನ್ನು, ಮತ್ತೆ ಕಟ್ಟಿದುದನ್ನು, ತೂಬು ಅಥವಾ ಕೋಡಿಯನ್ನು ಸರಿಪಡಿಸಿದುದನ್ನು ಹೇಳುವ ಜೀರ್ಣೋದ್ಧಾರ ಶಾಸನಗಳು ಹೆಚ್ಚು ನೇರವಾದ ಸಾಕ್ಷ್ಯಗಳು. ಅವುಗಳಲ್ಲಿ ತಿಥಿ ಮತ್ತು ಸ್ಥಳ ಎರಡೂ ಖಚಿತವಾಗಿದ್ದರೆ, ಇತರ ಆಕರಗಳೊಂದಿಗೆ ಹೋಲಿಸಿ ನೋಡಲು ಸಾಧ್ಯ. 1876-78ರ ಮಹಾಕ್ಷಾಮವು 1877ರ ಪ್ರಬಲ ಎಲ್ ನಿನೊದೊಡನೆ ಸಂಬಂಧಪಟ್ಟಿತ್ತೆಂಬುದು ಅಳತೆಯ ದಾಖಲೆಗಳಿದ್ದುದರಿಂದಲೇ ತಿಳಿಯಿತು. ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. ಅದಕ್ಕೂ ಹಿಂದಿನ ಶತಮಾನಗಳಿಗೆ ಮರದ ಉಂಗುರ, ಗುಹೆಯ ಸುಣ್ಣದ ನಿಕ್ಷೇಪಗಳಂತಹ ಪ್ರಕೃತಿಯ ಆಕರಗಳನ್ನು ವಿಜ್ಞಾನಿಗಳು ಬಳಸುತ್ತಾರೆ. ಅವುಗಳ ಪಕ್ಕದಲ್ಲಿ ಇಟ್ಟು ನೋಡಬೇಕಾದ ಮಾನವ ದಾಖಲೆಯನ್ನು ಒದಗಿಸುವುದು ಶಾಸನತಜ್ಞರ ಕೆಲಸ.

3

ಭೂವಿಜ್ಞಾನ ಮಂತ್ರಾಲಯವು 2020ರಲ್ಲಿ ಪ್ರಕಟಿಸಿದ ಭಾರತದ ವಾಯುಗುಣ ಸಮೀಕ್ಷೆಯ ಪ್ರಕಾರ, 1901ರಿಂದ 2018ರ ವರೆಗೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 1951ರಿಂದ 2015ರ ಅವಧಿಯಲ್ಲಿ ಮುಂಗಾರು ಮಳೆ ಸುಮಾರು ಶೇಕಡ 6ರಷ್ಟು ಇಳಿದಿದೆ. ಆದರೆ ಮಧ್ಯಭಾರತದಲ್ಲಿ ಒಂದೇ ದಿನ 150 ಮಿಲಿಮೀಟರ್ ಮೀರುವ ಮಳೆಯ ಘಟನೆಗಳು 1950-2015ರ ನಡುವೆ ಸುಮಾರು ಶೇಕಡ 75ರಷ್ಟು ಹೆಚ್ಚಿವೆ. ಒಟ್ಟು ಮಳೆ ಕುಗ್ಗುತ್ತ, ಬಿದ್ದಾಗ ಧಾರಾಕಾರವಾಗಿ ಬೀಳುವ ಈ ಸ್ಥಿತಿ ಕೆರೆಯ ಏರಿಗಳಿಗೂ ನಗರಗಳಿಗೂ ಸಮಾನವಾಗಿ ಅಪಾಯಕರ.

2000ದ ಆಗಸ್ಟ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಒಂದೇ ದಿನ 24 ಸೆಂಟಿಮೀಟರ್ ಮಳೆಯಾಯಿತು. 2020ರ ಅಕ್ಟೋಬರ್ 13-14ರಂದು ನಗರದ ಹೊರವಲಯದ ಘಟ್‌ಕೇಸರ್‌ನಲ್ಲಿ 32 ಸೆಂಟಿಮೀಟರ್ ದಾಖಲಾಯಿತು. ಇದನ್ನು ಹಿಂದೆಂದೂ ಕಾಣದ ಮಳೆ ಎಂದು ಹಲವರು ಬಣ್ಣಿಸಿದರು. ಆದರೆ ವಿಶ್ವೇಶ್ವರಯ್ಯನವರು ಉಲ್ಲೇಖಿಸಿದ ಶಂಷಾಬಾದಿನ 12.8 ಅಂಗುಲವೂ ಸುಮಾರು 32.5 ಸೆಂಟಿಮೀಟರೇ! ಎರಡು ಬೇರೆ ಬೇರೆ ಸ್ಥಳಗಳ ಅಂಕಿಗಳಾದುದರಿಂದ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೂ ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಹಿಂದೆಯೂ ಇಂತಹ ಮಳೆ ಬಂದಿತ್ತೆಂಬ ಕಾರಣಕ್ಕೆ ವಾಯುಗುಣ ಬದಲಾಗುತ್ತಿಲ್ಲವೆಂದು ವಾದಿಸುವುದು ತಪ್ಪು. ಬದಲಾಗುತ್ತಿರುವುದು ಅಂತಹ ಘಟನೆಗಳ ಆವರ್ತನೆ. ಅಂತೆಯೇ, ಹಿಂದೆಂದೂ ಕಾಣದುದು ಎಂದು ಹೇಳಿ ಹೊಣೆಯಿಂದ ಜಾರಿಕೊಳ್ಳುವುದೂ ತಪ್ಪು. ಅದು ದಾಖಲಾಗಿತ್ತು, ನಾವು ಓದಲಿಲ್ಲ.

4

ನೀತಿಯ ಮಟ್ಟದಲ್ಲಿ ಈ ಮರೆವಿನ ಪರಿಣಾಮ ಸ್ಪಷ್ಟವಾಗಿದೆ. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಲಿನ್ಯಕಾರಕ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ನಿರ್ಬಂಧಿಸುವ 111ನೆಯ ಸರ್ಕಾರಿ ಆದೇಶ 1996ರ ಮಾರ್ಚ್‌ನಲ್ಲಿ ಹೊರಟಿತು. 2022ರ ಏಪ್ರಿಲ್‌ನಲ್ಲಿ ಆ ನಿರ್ಬಂಧಗಳನ್ನು ಸಡಿಲಿಸುವ ಆದೇಶ ಬಂದಿತು. ಜಲಾಶಯಗಳನ್ನು ಕುಡಿಯುವ ನೀರಿನ ಮೂಲಗಳೆಂದಷ್ಟೇ ಕಂಡಾಗ, ಬೇರೆ ನದಿಗಳಿಂದ ನೀರು ಬಂದ ಮೇಲೆ ಅವುಗಳ ರಕ್ಷಣೆ ಅನಗತ್ಯವೆಂದು ತೋರುವುದು ಸಹಜ. ಆದರೆ ಅವು ಮೂಲತಃ ಪ್ರವಾಹವನ್ನು ತಡೆಯಲು ಕಟ್ಟಿದವು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿಯ ನೀರು ನಗರದ ಮುಖ್ಯ ಬಸ್ ನಿಲ್ದಾಣಕ್ಕೆ ನುಗ್ಗಿದಾಗ ಆ ಮೂಲ ಉದ್ದೇಶ ಮತ್ತೊಮ್ಮೆ ನೆನಪಾಯಿತು.

ಪರಂಪರೆಯ ಸ್ಮಾರಕಗಳೂ ಅಪಾಯದಿಂದ ಹೊರತಲ್ಲ. 2009ರ ಅಕ್ಟೋಬರ್‌ನಲ್ಲಿ ತುಂಗಭದ್ರೆಯ ಪ್ರವಾಹ ಮಂತ್ರಾಲಯವನ್ನು ಮುಳುಗಿಸಿತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ದೇವಾಲಯಗಳೊಳಗೆ ಹರಿಯಿತು. ಮೂಸಿ ದಂಡೆಯ ಚಾರಿತ್ರಿಕ ಕಟ್ಟಡಗಳು 2025ರ ವಿಶ್ವ ಸ್ಮಾರಕ ನಿಧಿಯ ಕಾಳಜಿ ಪಟ್ಟಿಯಲ್ಲಿ ಸೇರಿವೆ. ಆದರೆ 2008ರ ರಾಷ್ಟ್ರೀಯ ವಾಯುಗುಣ ಕ್ರಿಯಾಯೋಜನೆಯ ಎಂಟು ಅಭಿಯಾನಗಳಲ್ಲಿ ಸಾಂಸ್ಕೃತಿಕ ಪರಂಪರೆಗೆ ಮೀಸಲಾದುದು ಒಂದೂ ಇಲ್ಲ. 2023ರ ದುಬೈ ವಾಯುಗುಣ ಸಮ್ಮೇಳನದ ನಿರ್ಣಯದಲ್ಲಿ ಮಾತ್ರ, ಪರಂಪರೆಯ ರಕ್ಷಣೆಯೂ ಸಾಂಪ್ರದಾಯಿಕ ಜ್ಞಾನದ ಮಾರ್ಗದರ್ಶನವೂ ಹೊಂದಾಣಿಕೆಯ ಗುರಿಗಳಲ್ಲಿ ಸ್ಥಾನ ಪಡೆದವು.

5

ಈ ಹಿನ್ನೆಲೆಯಲ್ಲಿ ರಾಜ್ಯದ ಹೊರಗಿರುವ ಕನ್ನಡ ಸಂಶೋಧಕರಿಗೆ ವಿಶೇಷವಾದ ಹೊಣೆಯೊಂದಿದೆ ಎಂದು ನಾವು ಭಾವಿಸುತ್ತೇವೆ. ಕೆರೆಯ ಶಾಸನಗಳ ಪಠ್ಯ ಕನ್ನಡದಲ್ಲಿದ್ದರೂ ಆ ಕೆರೆಗಳಲ್ಲಿ ಹಲವು ಇಂದು ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಲ್ಲಿವೆ. ರಾಜ್ಯಗಳ ಗಡಿ 1956ರಲ್ಲಿ ಬದಲಾಯಿತು. ಜಲಾನಯನದ ಗಡಿ ಬದಲಾಗಲಿಲ್ಲ. ಹೈದರಾಬಾದ್ ಪುರಾತತ್ತ್ವ ಮಾಲೆಯ ಸಂಪುಟಗಳಿಂದ ಆರಂಭಿಸಿ, ಕೆರೆಗೆ ಸಂಬಂಧಿಸಿದ ಪ್ರತಿಯೊಂದು ಶಾಸನದ ತೇದಿ, ಸ್ಥಳ, ದತ್ತಿಯ ಸ್ವರೂಪ, ಒಡೆತ ಅಥವಾ ದುರಸ್ತಿಯ ಉಲ್ಲೇಖ, ಆ ಕೆರೆಯ ಇಂದಿನ ಸ್ಥಿತಿ ಇಷ್ಟನ್ನು ಒಂದು ಸೂಚಿಯಲ್ಲಿ ಕ್ರೋಡೀಕರಿಸುವುದು ಮೊದಲ ಹೆಜ್ಜೆಯಾಗಬೇಕು. ಅದು ಹವಾಮಾನ ವಿಜ್ಞಾನಿಗೆ ಸಾಕ್ಷ್ಯವಾಗುತ್ತದೆ. ಕೆರೆಯ ಗಡಿಯನ್ನು ಗುರುತಿಸಬೇಕಾದ ಆಡಳಿತಕ್ಕೆ ಆಧಾರವಾಗುತ್ತದೆ. ಕೆರೆಯಂಗಳದಲ್ಲಿ ನಿಂತ ಶಾಸನದ ಕಲ್ಲನ್ನು ಸಂಗ್ರಹಾಲಯಕ್ಕೆ ತಂದು ಉಳಿಸಬಹುದು. ಆದರೆ ಅದು ಯಾವ ಕೆರೆಯ ಮಾತನ್ನು ಹೇಳುತ್ತದೆಯೋ ಆ ಕೆರೆ ಹೋದ ಮೇಲೆ ಶಾಸನದ ಅರ್ಥದ ಒಂದು ಭಾಗವೇ ಹೋದಂತೆ. ವಿಶ್ವೇಶ್ವರಯ್ಯನವರು 1909ರಲ್ಲಿ ಕೆರೆಗಳನ್ನು ಎಣಿಸಿದುದು ಅವು ಒಡೆದ ಮೇಲೆ. ನಮ್ಮ ಎಣಿಕೆ ಅದಕ್ಕೆ ಮೊದಲೇ ನಡೆಯಬೇಕಾಗಿದೆ.