ಎಚ್1ರಿಂದ ಎಚ್6ರವರೆಗೆ: ಶೀರ್ಷಿಕೆ ಟ್ಯಾಗ್‌ಗಳ ಕಥೆ

ತರಗತಿಯಲ್ಲಿ ಟಿಪ್ಪಣಿ ಬರೆಸುವಾಗ ನಾವು ಕರಿಹಲಗೆಯ ಮೇಲೆ ಮೊದಲು ಪಾಠದ ಹೆಸರು ಬರೆದು ಅಡಿಗೆರೆ ಎಳೆಯುತ್ತೇವೆ. ಅದರ ಕೆಳಗೆ ಉಪಶೀರ್ಷಿಕೆ, ಆಮೇಲೆ ವಿವರ. ವೆಬ್ ಪುಟದಲ್ಲಿ ಈ ಕೆಲಸಕ್ಕೆಂದೇ ಎಚ್1ರಿಂದ ಎಚ್6ರವರೆಗೆ ಆರು ಟ್ಯಾಗ್‌ಗಳಿವೆ.

ಇವುಗಳ ಬೇರು ವೆಬ್‌ಗಿಂತ ಹಳೆಯದು. 1969ರಲ್ಲಿ ಐಬಿಎಂ ಕಂಪನಿಯ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಜಿಎಂಎಲ್ ಎಂಬ ಗುರುತು ಭಾಷೆಯನ್ನು ರೂಪಿಸಿದರು. ಆ ಮೂರು ಹೆಸರುಗಳ ಮೊದಲ ಅಕ್ಷರಗಳೂ ಅದರಲ್ಲಿವೆ. ಒಂದು ಸಾಲು ಹೇಗೆ ಕಾಣಬೇಕು ಎಂದಲ್ಲ, ಅದು ಏನು ಎಂದು ಗುರುತು ಹಾಕಬೇಕು ಎಂಬುದು ಅವರ ವಿಚಾರ. ಅದೇ ಬೆಳೆದು ಎಸ್‌ಜಿಎಂಎಲ್ ಆಗಿ, 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದ ದಾಖಲೆಗಳಿಗೆ ಅದರ ಒಂದು ರೂಪ ಬಳಕೆಯಲ್ಲಿತ್ತು. ಅಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಚ್‌ಟಿಎಂಎಲ್ ರೂಪಿಸುವಾಗ ಶೀರ್ಷಿಕೆ ಟ್ಯಾಗ್‌ಗಳನ್ನು ಅದರಿಂದಲೇ ತೆಗೆದುಕೊಂಡರು.

ಮುಂದೆ ಜನರಿಗೆ ಅಂದದ ಚಿಂತೆಯೇ ಹೆಚ್ಚಾಯಿತು. 1997ರ ಎಚ್‌ಟಿಎಂಎಲ್ 3.2ರಲ್ಲಿ ಅಕ್ಷರದ ಗಾತ್ರ, ಬಣ್ಣ ಬದಲಿಸುವ ಫಾಂಟ್ ಟ್ಯಾಗ್‌ಗೂ ಜಾಗ ಸಿಕ್ಕಿತು. ಅಲಂಕಾರವನ್ನು ಬೇರೆಯಾಗಿಡುವ ಸಿಎಸ್‌ಎಸ್ 1996ರಲ್ಲೇ ಬಂದಿದ್ದರೂ, ಅಕ್ಷರ ದಪ್ಪ ಮಾಡಿ ಶೀರ್ಷಿಕೆ ಎನ್ನುವ ಅಭ್ಯಾಸ ಹೋಗಲಿಲ್ಲ.

ನಾವೂ ಹಾಗೆಯೇ ಮಾಡಿದ್ದೆವು. ನಮ್ಮ ಪಾಠದ ಟಿಪ್ಪಣಿಗಳಿಗೆ ನೀಲಿ ಬಣ್ಣದ ದಪ್ಪಕ್ಷರದ ಶೀರ್ಷಿಕೆಗಳು. ನೋಡಲು ಚಂದ. ಕಣ್ಣು ಕಾಣದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಫೋನ್ ಮಾಡಿದ: "ಮಾಷ್ಟ್ರೇ, ನಿಮ್ಮ ಪುಟದಲ್ಲಿ ಎಚ್ ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಆರನೇ ಪಾಠ ಬೇಕಾದರೆ ಮೊದಲಿನ ಐದನ್ನೂ ಕೇಳಬೇಕು."

ಅವನು ಬಳಸುವುದು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದ ಮೈಕಲ್ ಕರ್ರನ್ 2006ರಲ್ಲಿ ಅದನ್ನು ಆರಂಭಿಸಿದರು, ಅವರೂ ದೃಷ್ಟಿಹೀನರು. ಪುಟವನ್ನು ಅದು ಓದಿ ಹೇಳುತ್ತದೆ. ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ, 2 ಒತ್ತಿದರೆ ಮುಂದಿನ ಎಚ್2ಕ್ಕೆ ಹಾರುತ್ತದೆ. ನಮ್ಮ ದಪ್ಪಕ್ಷರ ಅದಕ್ಕೆ ಶೀರ್ಷಿಕೆಯೇ ಅಲ್ಲ.

ಎಲ್ಲ ಕಡೆ ಎಚ್1 ಹಾಕಿದರೂ ಬ್ರೌಸರ್ ತಾನೇ ಹಂತ ಲೆಕ್ಕ ಹಾಕಲಿ ಎಂಬ ಯೋಜನೆಯೊಂದು ಎಚ್‌ಟಿಎಂಎಲ್5ರಲ್ಲಿತ್ತು. ಬ್ರೌಸರ್‌ಗಳು ಅದನ್ನು ಸರಿಯಾಗಿ ಜಾರಿಗೆ ತರಲಿಲ್ಲ; 2022ರಲ್ಲಿ ಅದನ್ನು ಮಾನಕದಿಂದ ತೆಗೆದರು. ಆದ್ದರಿಂದ ಹಂತ ಕೊಡುವ ಕೆಲಸ ಬರೆಯುವವರದೇ.

ಪುಟದ ಹೆಸರಿಗೆ ಒಂದೇ ಎಚ್1. ಪ್ರತಿ ಪಾಠಕ್ಕೆ ಎಚ್2, ಅದರ ಒಳಭಾಗಕ್ಕೆ ಎಚ್3. ಎಚ್2ರಿಂದ ನೇರ ಎಚ್4ಕ್ಕೆ ಇಳಿಯಬಾರದು. ಅಕ್ಷರ ದೊಡ್ಡದು ಮಾಡಲೆಂದು ಇವನ್ನು ಬಳಸಬಾರದು. ಆ ಕೆಲಸ ಸಿಎಸ್‌ಎಸ್‌ನದು.

ಎರಡು ಭಾನುವಾರ ಕುಳಿತು ನಮ್ಮ ಟಿಪ್ಪಣಿಗಳನ್ನು ತಿದ್ದಿದೆವು. ಕಣ್ಣಿಗೆ ಪುಟ ಮೊದಲಿನಂತೆಯೇ ಇದೆ. ಆದರೆ ಆ ಹುಡುಗ ಈಗ ಆರನೇ ಪಾಠಕ್ಕೆ ನೇರ ಹೋಗುತ್ತಾನೆ. ಪಾಠಗಳನ್ನು ಅಂತರ್ಜಾಲಕ್ಕೆ ಹಾಕುವ ಶಿಕ್ಷಕ ಮಿತ್ರರು ತಮ್ಮ ಪುಟಗಳನ್ನೂ ಒಮ್ಮೆ ಹೀಗೆ ಪರೀಕ್ಷಿಸಿ ನೋಡಬೇಕೆಂದು ನಮ್ಮ ವಿನಂತಿ.