ಗಣಕದಲ್ಲಿ ಕನ್ನಡ ಲಿಪಿ: ಒಂದು ಸ್ಥಳಾಂತರ

ವಿಂಡೋಸ್ ವ್ಯವಸ್ಥೆಯ ಹತ್ತನೆಯ ಆವೃತ್ತಿಗೆ ದೊರೆಯುತ್ತಿದ್ದ ಸಾಮಾನ್ಯ ಪೋಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದನೆಯ ಆವೃತ್ತಿ ಬಯಸುವ ಕೆಲವು ಅಂಗಗಳು ಹಳೆಯ ಯಂತ್ರಗಳಲ್ಲಿಲ್ಲ. ಎಷ್ಟೋ ಮನೆಗಳಲ್ಲಿ ಆದಂತೆ, ಧಾರವಾಡದ ಸಪ್ತಾಪುರದಲ್ಲಿರುವ ನನ್ನ ಗಣಕವೂ ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಗೆ ಬಿಡಾರ ಬದಲಿಸಿತು. ಇದು ಬರಿಯ ಯಂತ್ರದ ಸಂಗತಿಯಾಗಿದ್ದರೆ ಇಲ್ಲಿ ಪ್ರಸ್ತಾಪಿಸುವ ಕಾರಣವಿರಲಿಲ್ಲ. ಕನ್ನಡ ಲಿಪಿಯ ಈಚಿನ ಚರಿತ್ರೆಯ ಒಂದು ಅಧ್ಯಾಯವೇ ಅದರಲ್ಲಿ ಅಡಗಿದೆ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಯೋಜನೆಯನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ತೊರ್ವಾಲ್ಡ್ಸ್ ತನ್ನ ಮನೆಯ ಗಣಕಕ್ಕಾಗಿ ಬರೆದ ತಿರುಳು ಅದಕ್ಕೆ ಕೂಡಿಕೊಂಡಿತು. ಇದರ ಮೂಲಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವನು ತನ್ನ ತಿದ್ದುಪಡಿಯನ್ನೂ ಅದೇ ಕರಾರಿನಲ್ಲಿ ಬಿಟ್ಟುಕೊಡಬೇಕು. ಓಲೆಗರಿಯ ಕಾಲದಲ್ಲಿ ಪ್ರತಿ ಮಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲವಾದುದರಿಂದಲೇ ನಮ್ಮ ಕಾವ್ಯಗಳು ಉಳಿದವೆಂಬುದನ್ನು ನಾವು ಮರೆಯುವುದುಂಟು. ನೆರೆಯ ಕೇರಳದ ಶಾಲೆಗಳು ಈ ದಾರಿಯನ್ನು ಬಹು ಮೊದಲೇ ಹಿಡಿದವು. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸ್ ಹೊಸ ಮಾತಲ್ಲ.

ಗಣಕದಲ್ಲಿ ಕನ್ನಡ ನೆಲೆಗೊಂಡ ಬಗೆಯನ್ನು ಇಲ್ಲಿ ನೆನೆಯಬೇಕು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಕನ್ನಡ ಗಣಕ ಪರಿಷತ್ತು ಸರ್ಕಾರದ ಆಸರೆಯಲ್ಲಿ 'ನುಡಿ'ಯನ್ನು ರೂಪಿಸಿತು. ಕಿನ್ನಿಕಂಬಳ ಪದ್ಮನಾಭ ರಾಯರ ಕೀಲಿಮಣೆಯ ವಿನ್ಯಾಸವು ಅಲ್ಪಸ್ವಲ್ಪ ಬದಲಾವಣೆಗಳೊಡನೆ ಸರ್ಕಾರದ ಮನ್ನಣೆ ಪಡೆಯಿತು. ನನ್ನಂಥ ಅಧ್ಯಾಪಕರ ಕೈಗೆ ಗಣಕ ಒಗ್ಗಿದ್ದು ಇವರೆಲ್ಲರ ದುಡಿಮೆಯಿಂದ. ಆದರೆ ಆ ಕಾಲದ ಅಕ್ಷರರೂಪಗಳ ಹಿಂದೆ ಒಂದು ಉಪಾಯವಿದ್ದಿತು. ಗಣಕದ ಪಾಲಿಗೆ ಬರಹವು ರೋಮನ್ ಅಕ್ಷರಗಳ ಸಾಲೇ. ಆ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿ ನಮ್ಮ ಕಣ್ಣಿಗೆ ಒಪ್ಪಿಸಲಾಗುತ್ತಿತ್ತು. ವೇಷ ಕಳಚಿದರೆ ಅರ್ಥವಿಲ್ಲದ ಗೀಚು. 1991ರಲ್ಲಿ ಮೊದಲ ಆವೃತ್ತಿ ಕಂಡ ಯುನಿಕೋಡ್ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಸಂಖ್ಯೆಯನ್ನು ಗೊತ್ತುಪಡಿಸಿತ್ತಾದರೂ ಆ ಪದ್ಧತಿ ನಮ್ಮ ಮೇಜಿಗೆ ಬರಲು ವರ್ಷಗಳೇ ಹಿಡಿದವು.

ಹೊಸ ವ್ಯವಸ್ಥೆಯಲ್ಲಿ ನನ್ನ ಇಪ್ಪತ್ತು ವರ್ಷಗಳ ಬರಹಗಳನ್ನು ತೆರೆದಾಗ ಕಂಡದ್ದು ಈ ಗೀಚು. ಪಂಪ ರನ್ನರ ಮೇಲಣ ತರಗತಿಯ ಟಿಪ್ಪಣಿಗಳು, ಅಚ್ಚಾಗದ ಎರಡು ಪ್ರಬಂಧಗಳು, ಕಾಲವಾದ ಸಹೋದ್ಯೋಗಿಯೊಬ್ಬರು ಹೇಳಿ ಬರೆಸಿದ ನೆನಪುಗಳು ಅವುಗಳಲ್ಲಿದ್ದವು. ಹಳೆಯ ವೇಷವನ್ನೇ ಹೊಸ ಯಂತ್ರಕ್ಕೂ ತೊಡಿಸಿ ತೋರಿಕೆಯನ್ನು ಸರಿಪಡಿಸಬಹುದಿತ್ತು. ಆದರೆ ಒಳಗೆ ಕನ್ನಡವಿಲ್ಲದ ಬರಹವನ್ನು ಮುಂದಿನವರಿಗೆ ಬಿಟ್ಟುಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಈ ತೊಡಕು ವಿಂಡೋಸಿನದೆಂದು ಹೇಳುವುದು ನ್ಯಾಯವಲ್ಲ. ಯುನಿಕೋಡ್ ಅಲ್ಲಿಯೂ ಉಂಟು. ಸ್ಥಳಾಂತರವು ಅದನ್ನು ಬೆಳಕಿಗೆ ತಂದಿತು, ಅಷ್ಟೆ.

ಪರಿವರ್ತಿಸುವ ತಂತ್ರಾಂಶಗಳಿವೆ. ಓಣಿಯಲ್ಲಿ ಬಾಡಿಗೆಯ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಒಂದೇ ಸಂಜೆಯಲ್ಲಿ ನೂರಾರು ಪುಟಗಳನ್ನು ಯುನಿಕೋಡಿಗೆ ತಿರುಗಿಸಿಕೊಟ್ಟ. "ಮುಗೀತ್ರೀ ಸರ್" ಎಂದ. ನನ್ನ ಕೆಲಸ ಮೊದಲಾದದ್ದು ಅಲ್ಲಿಂದ. 'ಸೂರ್ಯ' ಎಂಬಲ್ಲಿ ನಾವು ರಕಾರವನ್ನು ಮೊದಲು ಉಚ್ಚರಿಸಿದರೂ ಅರ್ಕಾವೊತ್ತನ್ನು ಯಕಾರದ ಬಳಿಕ ಬರೆಯುತ್ತೇವೆ. ಹಳೆಯ ಪದ್ಧತಿ ಕಣ್ಣಿನ ಕ್ರಮವನ್ನು ಹಿಡಿದರೆ ಯುನಿಕೋಡ್ ಕಿವಿಯ ಕ್ರಮವನ್ನು ಹಿಡಿಯುತ್ತದೆ. ಹೀಗೆ ಪರಿವರ್ತನೆಯಲ್ಲಿ ಪ್ರತಿ ಅರ್ಕಾವೊತ್ತೂ ಸ್ಥಾನ ಬದಲಿಸಬೇಕು. ಅಲ್ಲಲ್ಲಿ ಅದು ನೆರೆಯ ಅಕ್ಷರಕ್ಕೆ ಅಂಟಿಕೊಂಡಿತ್ತು. ಇವು ಕಣ್ಣಿಗೆ ಬೀಳುವ ತಪ್ಪುಗಳು. ಹಳಗನ್ನಡದ ಱ ಮತ್ತು ೞ ಸದ್ದಿಲ್ಲದೆ ರ, ಳಗಳಾಗಿದ್ದುದು ಅದಕ್ಕಿಂತ ದೊಡ್ಡ ಹಾನಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಶತ್ರು. 'ಅೞಿ' ಎಂದರೆ ನಾಶವಾಗು, 'ಅಳಿ' ಎಂದರೆ ದುಂಬಿ. ಇವು ಬಳಕೆಯಿಂದ ಜಾರುತ್ತಿದ್ದ ಕಾಲದಲ್ಲಿ, 13ನೆಯ ಶತಮಾನದಲ್ಲಿ, ಕೇಶಿರಾಜನು ೞಕಾರದ ಶಬ್ದಗಳನ್ನು ಎಣಿಸಿಟ್ಟನು. ಆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ನಾನು ಗಣಕದ ಮುಂದೆ ಕುಳಿತೆ.

ಯುನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ. ೞಕಾರಕ್ಕೆ ಮಾತ್ರ ಇಂಗ್ಲಿಷಿನ ಅಧಿಕೃತ ಪಟ್ಟಿಯಲ್ಲಿ 'ಫ' ಎಂಬ ಹೆಸರು ಬಿದ್ದಿದೆ! ಅದು ತಪ್ಪೆಂದು ಅವರೇ ಟಿಪ್ಪಣಿ ಹಾಕಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ನಿಯಮ. ಅಕ್ಷರದ ರೂಪ ಸರಿಯಾಗಿರುವುದರಿಂದ ಬರೆಯಲು ಅಡ್ಡಿಯಿಲ್ಲ. ಲಿನಕ್ಸಿನಲ್ಲಿಯೂ ಗಣಕ ಪರಿಷತ್ತಿನ ಕೀಲಿಮಣೆಯ ವಿನ್ಯಾಸ ದೊರೆಯುವುದರಿಂದ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾಗಲಿಲ್ಲ. ಪಂಪನ ಟಿಪ್ಪಣಿಗಳನ್ನು ಹಳೆಯ ಕೈಬರಹದೊಡನೆ ಒರೆಹಚ್ಚಿ ಮುಗಿಸಿದ್ದೇನೆ. ರನ್ನನವು ಇನ್ನೂ ಅರ್ಧ ಉಳಿದಿವೆ.